ಇಂಟರ್‌ವ್ಯೂನಲ್ಲಿ ಅಭ್ಯರ್ಥಿಯ ಬಗ್ಗೆ ಯಾವ ಲಕ್ಷಣ ಕಂಡರೆ ಹುಷಾರಾಗಬೇಕು?

ತಾನೇ ಮಾಡಿದ್ದು ಅಂತ ಹೇಳಿಕೊಂಡ ಕೆಲಸದ ವಿವರ ಕೇಳುತ್ತಾ ಹೋದಂತೆ ಉತ್ತರ ತೆಳ್ಳಗಾದರೆ, ಅದೇ ದೊಡ್ಡ ಸೂಚನೆ. "ಬಿಲ್ಲಿಂಗ್ ಸಿಸ್ಟಮ್ ಪೂರ್ತಿ ಬದಲಾಯಿಸಿದೆವು" ಅಂದವರನ್ನು ಕೇಳಿ ನೋಡಿ: "ಅದರಲ್ಲಿ ನಿಮ್ಮ ಪಾಲು ಯಾವುದು? ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಆಮೇಲೆ ಏನು ಮಾಡಿದಿರಿ?" ನಿಜವಾಗಿ ಮಾಡಿದವರಿಗೆ ಆ ಪೇಚಾಟವೆಲ್ಲ ನೆನಪಿರುತ್ತದೆ; ಕೇಳದಿದ್ದರೂ ಹೇಳುತ್ತಾರೆ. ಬಾಯಿಪಾಠ ಮಾಡಿ ಬಂದವರ ಹತ್ತಿರ ಮೊದಲ ಉತ್ತರ ಮಾತ್ರ ತಯಾರಿರುತ್ತದೆ. ಮೂರನೇ ಪ್ರಶ್ನೆಗೆ ಮತ್ತೆ "ನಾವು, ನಮ್ಮ ಟೀಮು" ಶುರು.

ಹಿಂದಿನ ಕೆಲಸದ ತಪ್ಪೆಲ್ಲ ಬೇರೆಯವರದ್ದೇ ಆಗಿದ್ದರೆ ಅದನ್ನೂ ಗಮನಿಸಿ. ಆದರೆ ತಡವರಿಸುವುದು, ಕಣ್ಣು ತಪ್ಪಿಸುವುದು ಬರೀ ಗಾಬರಿ ಇರಬಹುದು, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಡುವೆ ಕೆಲಸವಿಲ್ಲದೆ ಇದ್ದ ಗ್ಯಾಪ್ ಕೂಡ ಅಷ್ಟೇ; ಸುಮ್ನೆ ಕಾರಣ ಕೇಳಿದರೆ ಸಾಕು.