ಅಲ್ಲಿವರೆಗೂ ಮೂಗರಾಗಿದ್ರಾ?

ನಮಸ್ಕಾರ,

ಬ್ರೆಜಿಲ್‌ನ ಯೂಟ್ಯೂಬ್ ಸಂಗೀತದ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ವಿಷಯ ಹೊಸದು, ಭಾಷೆ ಸಲೀಸು. ಸಂತೋಷ. ಆದರೆ ಎರಡನೇ ಪ್ಯಾರಾದ ಒಂದು ಸಾಲು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡ್ತಾ ಇದೆ: ‘ಡಿಜಿಟಲ್ ವೇದಿಕೆಗಳು ಫವೇಲಾದ ಹುಡುಗರಿಗೆ ದನಿ ಕೊಟ್ಟವು.’

ಕೊಟ್ಟವಾ? ಯೂಟ್ಯೂಬ್ ಹುಟ್ಟಿದ್ದು 2005ರಲ್ಲಿ. ರಿಯೊದ ಫವೇಲಾಗಳಲ್ಲಿ, ಅಂದರೆ ಕೊಳೆಗೇರಿಗಳಲ್ಲಿ, ಫಂಕ್ ಸಂಗೀತದ ಕುಣಿತ 1980ರ ದಶಕದಿಂದಲೇ ಇತ್ತು. ಗೋಡೆಯೆತ್ತರ ಸ್ಪೀಕರ್ ಪೇರಿಸಿ ಕುಣಿಯೋರಿಗೆ ದನಿ ಇರಲಿಲ್ವಾ?

ಮುಂದಿನ ಸಾಲು: ‘ಕೊಂಡ್‌ಜಿಲ್ಲಾ ಚಾನೆಲ್ ರಾತ್ರೋರಾತ್ರಿ ಬೆಳೆಯಿತು.’ ಆ ಚಾನೆಲ್ ಹಿಂದೆ ಕೊನ್ರಾಡ್ ದಾಂತಾಸ್ ಅನ್ನೋ ಒಬ್ಬ ಮನುಷ್ಯ ಇದ್ದಾನೆ. ಸಾವೊ ಪಾಲೊ ರಾಜ್ಯದ ಗ್ವಾರುಜಾದವನು. ತಾಯಿ ತೀರಿಕೊಂಡ ಮೇಲೆ ಬಂದ ವಿಮೆ ಹಣದಲ್ಲಿ ಕ್ಯಾಮೆರಾ ಕೊಂಡ. ಫಂಕ್ ಹಾಡೋ ಹುಡುಗರಿಗೆ ವಿಡಿಯೊ ಮಾಡಿಕೊಡ್ತಾ ವರ್ಷಗಟ್ಟಲೆ ದುಡಿದ. 2019ರ ಹೊತ್ತಿಗೆ ನೆಟ್‌ಫ್ಲಿಕ್ಸ್‌ನಲ್ಲಿ ‘ಸಿಂಟೋನಿಯಾ’ ಸರಣಿ ತಂದ. ಇದ್ಯಾವ ಸೀಮೆ ರಾತ್ರೋರಾತ್ರಿ?

ಇನ್ನು ಎಂಸಿ ಫಿಯೊಟಿ ಅನ್ನೋ ಫಂಕ್ ಹಾಡುಗಾರನ ‘ಬುಂ ಬುಂ ತಾಂ ತಾಂ’. ಅದರ ಬಗ್ಗೆ ನೀವು ಬರೆದದ್ದು ‘ನೂರು ಕೋಟಿ ವೀಕ್ಷಣೆ’, ಅಷ್ಟೇ. ಹಾಡಿನಲ್ಲಿ ಮತ್ತೆ ಮತ್ತೆ ಬರುವ ಆ ಕೊಳಲು ಯಾರದು? ಜರ್ಮನಿಯ ಸಂಗೀತಗಾರ ಬಾಖ್‌ನದು! ಸುಮಾರು 300 ವರ್ಷ ಹಳೆಯ ರಚನೆ, ಫಿಯೊಟಿಗೆ ಇಂಟರ್ನೆಟ್ಟಿನಲ್ಲಿ ಸಿಕ್ಕಿತು. 2021ರಲ್ಲಿ ಅದೇ ಹಾಡು ಕೋವಿಡ್ ಲಸಿಕೆಯ ಹಾಡಾಯಿತು. ಬ್ರೆಜಿಲ್‌ನಲ್ಲಿ ಲಸಿಕೆ ತಯಾರಿಸಿದ ಸಂಸ್ಥೆಯ ಹೆಸರು ಬುತಾಂತಾನ್, ಹಾಗಾಗಿ ಪ್ರಾಸ ತಾನಾಗೇ ಕೂಡಿತು. ಸಂಸ್ಥೆಯ ಆವರಣದಲ್ಲೇ ವಿಡಿಯೊ ತೆಗೆದರು, ಅಲ್ಲಿನ ನೌಕರರೂ ಕುಣಿದರು. ಇಷ್ಟನ್ನೂ ಬಿಟ್ಟು ಚಂದಾದಾರರ ಲೆಕ್ಕಕ್ಕೆ ಅರ್ಧ ಪುಟ ಸುರಿದಿದ್ದೀರಲ್ಲ, ನಿಜಕ್ಕೂ ಸಿಟ್ಟು ಬಂತು.

ಸಿಟ್ಟು ಜಾಸ್ತಿಯಾಗಲು ಕಾರಣ ಇದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ‘ಕ್ಯಾಸೆಟ್ಟು ಹಳ್ಳಿ ಹೆಂಗಸರಿಗೆ ದನಿ ಕೊಟ್ಟಿತು’ ಅಂತ ಬರೆದು, ಬೀಗುತ್ತಾ ಹಿರಿಯರ ಮೇಜಿನ ಮೇಲಿಟ್ಟಿದ್ದೆ. ಅವರು ಎಲೆಅಡಿಕೆ ಒಂದು ದವಡೆಗೆ ಸರಿಸಿಕೊಂಡು ಕೇಳಿದರು, “ಅಲ್ಲಪ್ಪಾ, ಅಲ್ಲಿವರೆಗೂ ನಿಮ್ಮಜ್ಜಿ ಮೂಗಿಯಾಗಿದ್ರಾ?” ನಮ್ಮಜ್ಜಿ ಬೀಸೋಕಲ್ಲಿನ ಮುಂದೆ ಕೂತು ಹಾಡು ತೆಗೆದರೆ ಹಿಂದಿನ ಬೀದಿಗೂ ಕೇಳಿಸುತ್ತಿತ್ತು. ಸುಮ್ನೆ ಹಾಳೆ ಎತ್ತಿಕೊಂಡು ಬಂದೆ.

ನಿಮ್ಮ ಹಾಳೆಗಳನ್ನೂ ವಾಪಸ್ ಕಳಿಸ್ತಾ ಇದ್ದೇನೆ. ಕೊಳಲಿನಿಂದ ಶುರು ಮಾಡಿ.