ಸಿ++ನಲ್ಲಿ ನಮ್ಮ ಕ್ಲಾಸನ್ನು ಇಂಟ್‌ಗೂ ಇಂಟನ್ನು ಕ್ಲಾಸ್‌ಗೂ ಬದಲಿಸಲು ಕನ್‌ಸ್ಟ್ರಕ್ಟರ್ ಬರೆಯಬೇಕಾ, ಕನ್ವರ್ಶನ್ ಆಪರೇಟರ್ ಬರೆಯಬೇಕಾ?
ಇದೇ ಗೊಂದಲದಲ್ಲಿ ನಾನೂ ಎರಡನ್ನೂ ಬರೆದಿದ್ದೆ: ಇಂಟ್ ಅಂದರೆ ಪೂರ್ಣಾಂಕದಿಂದ ಕ್ಲಾಸ್ ಕಟ್ಟುವ ಕನ್‌ಸ್ಟ್ರಕ್ಟರ್, ಕ್ಲಾಸನ್ನು ಇಂಟ್ ಮಾಡುವ ಆಪರೇಟರ್. ಡ್ಯೂರೇಶನ್ ಅಂತ ಒಂದು ಕ್ಲಾಸ್, ಒಳಗೆ ಒಂದೇ ಸಂಖ್ಯೆ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಬಳಸುವವರಿಗೆ ಸುಲಭ ಆಗಲಿ ಅಂತ ಇಂಟ್ ತೆಗೆದುಕೊಳ್ಳುವ ಕನ್‌ಸ್ಟ್ರಕ್ಟರ್‌ಗೆ ಎಕ್ಸ್‌ಪ್ಲಿಸಿಟ್ (ಬದಲಾವಣೆ ತಾನಾಗೇ ಆಗದಂತೆ ತಡೆಯುವ ಪದ) ಹಾಕಲಿಲ್ಲ.

ಆ ಒಂದು ಪದ ಬಿಟ್ಟಿದ್ದೇ ತಪ್ಪು. ಅದಿಲ್ಲದಿದ್ದರೆ, ಡ್ಯೂರೇಶನ್ ಬೇಕಾದ ಕಡೆ ಬರೀ ಇಂಟ್ ಕೊಟ್ಟರೂ ಕಂಪೈಲರ್ ಸದ್ದಿಲ್ಲದೆ ಬದಲಿಸಿಕೊಳ್ಳುತ್ತದೆ. ಎರರ್ ಬರುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಟೈಮ್‌ಔಟ್ (ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ಫಂಕ್ಷನ್‌ಗೆ 30 ಅಂತ ಕೊಟ್ಟರು. ಅವರು ಅಂದುಕೊಂಡಿದ್ದು 30 ಸೆಕೆಂಡ್, ನನ್ನ ಕ್ಲಾಸ್ ತೆಗೆದುಕೊಂಡಿದ್ದು 30 ಮಿಲಿಸೆಕೆಂಡ್. ಟೆಸ್ಟ್ ಮಾಡುವಾಗ ಸರ್ವರ್ ಅದೇ ಮೆಷಿನ್‌ನಲ್ಲಿ ಇತ್ತು, ಉತ್ತರ ಐದಾರು ಮಿಲಿಸೆಕೆಂಡಿಗೇ ಬರುತ್ತಿತ್ತು, ಹಾಗಾಗಿ ಎಲ್ಲಾ ಟೆಸ್ಟೂ ಪಾಸ್. ಲೈವ್ ಹೋದ ದಿನ ಕನೆಕ್ಷನ್‌ಗಳು ಒಂದೊಂದಾಗಿ ಕಡಿದುಹೋಗತೊಡಗಿದವು. ಮೂರು ದಿನ ಸುಮ್ನೆ ನೆಟ್‌ವರ್ಕ್‌ನಲ್ಲಿ ಹುಡುಕಿದೆವು. ಆ ಸಾಲನ್ನು ನಾನೇ ಎರಡು ಸಲ ಓದಿದ್ದೆ, 30 ಸರಿಯಾಗೇ ಇದೆ ಅಂದುಕೊಂಡು ಮುಂದೆ ಹೋಗಿದ್ದೆ. ಪಕ್ಕದಲ್ಲಿ ಯೂನಿಟ್ ಇರಲಿಲ್ಲ. ಯೂನಿಟ್ ಬೇಕು ಅಂತ ನನ್ನ ಕ್ಲಾಸ್ ಕೇಳಲೂ ಇಲ್ಲ. ಬರೆದವರದ್ದು ತಪ್ಪಲ್ಲ, ಹಾಗೆ ಬರೆಯಲು ದಾರಿ ಬಿಟ್ಟವನು ನಾನು.

ಅದಕ್ಕೇ ಹೇಳುತ್ತಿದ್ದೇನೆ, ಕನ್‌ಸ್ಟ್ರಕ್ಟರೋ ಆಪರೇಟರೋ ಅನ್ನುವ ಪ್ರಶ್ನೆ ಬಿಡಿ. ಈ ಬದಲಾವಣೆ ಕಣ್ಣಿಗೆ ಕಾಣದೆ ನಡೆಯಬೇಕಾ ಅಂತ ಮೊದಲು ಕೇಳಿಕೊಳ್ಳಿ. ಯೂನಿಟ್ ಇರುವ ಕ್ಲಾಸಿಗೆ ನನ್ನ ಉತ್ತರ: ಖಂಡಿತ ಬೇಡ. ಸಿ++11ರಲ್ಲಿ ಬಂದ, ಸಮಯದ ಲೆಕ್ಕಕ್ಕಿರುವ ಕ್ರೋನೋ ಲೈಬ್ರರಿ ನೋಡಿ. ಅಲ್ಲಿ ಬರೀ 30 ಕೊಟ್ಟರೆ ಕಂಪೈಲ್ ಆಗುವುದಿಲ್ಲ, ಸೆಕೆಂಡೋ ಮಿಲಿಸೆಕೆಂಡೋ ಹೇಳಲೇಬೇಕು. ಸೆಕೆಂಡ್ ಮಿಲಿಸೆಕೆಂಡ್ ಆಗುವಾಗ ಏನೂ ಕಳೆದುಹೋಗುವುದಿಲ್ಲ ಅಲ್ವಾ, ಅದನ್ನು ತಾನಾಗೇ ಬಿಡುತ್ತದೆ. ತಿರುಗಿ ಬರುವಾಗ 1500 ಮಿಲಿಸೆಕೆಂಡ್ 1 ಸೆಕೆಂಡ್ ಆಗಿಬಿಡಬಹುದು, ಅದಕ್ಕೆ ಡ್ಯೂರೇಶನ್ ಕಾಸ್ಟ್ ಅಂತ ನೀವೇ ಬರೆಯಬೇಕು.

ಎಕ್ಸ್‌ಪ್ಲಿಸಿಟ್ ಇಲ್ಲದ ಕನ್‌ಸ್ಟ್ರಕ್ಟರ್, ಇಂಟ್ ಆಪರೇಟರ್ ಎರಡೂ ಇಟ್ಟುಕೊಂಡರೆ ಇನ್ನೊಂದು ತಲೆನೋವು. ಎರಡು ಡ್ಯೂರೇಶನ್ ಕೂಡಿಸುವ ಪ್ಲಸ್ ಕೂಡ ನೀವು ಬರೆದಿದ್ದರೆ, ಡ್ಯೂರೇಶನ್‌ಗೆ 1 ಕೂಡಿಸಿದಾಗ ಯಾವುದನ್ನು ಯಾವುದಕ್ಕೆ ಬದಲಿಸಬೇಕು ಅಂತ ಗೊತ್ತಾಗದೆ ಕಂಪೈಲರ್ ಆಂಬಿಗ್ಯುಯಸ್ ಅನ್ನುತ್ತದೆ.

ಕನ್‌ಸ್ಟ್ರಕ್ಟರ್‌ಗೆ ಎಕ್ಸ್‌ಪ್ಲಿಸಿಟ್ ಹಾಕಿ. ಇಂಟ್‌ಗೆ ಬದಲಿಸುವ ಆಪರೇಟರ್ ತೆಗೆದು, ಮಿಲಿಸೆಕೆಂಡ್ಸ್ ಅನ್ನುವ ಹೆಸರಿನ ಫಂಕ್ಷನ್ ಬರೆಯಿರಿ. ಆಪರೇಟರ್ ಬೇಕಾಗುವುದು ಜಾಸ್ತಿ ಅಂದರೆ ಬೂಲ್‌ಗೆ (ಹೌದು-ಇಲ್ಲ ಬೆಲೆಗೆ). ಅದಕ್ಕೂ ಎಕ್ಸ್‌ಪ್ಲಿಸಿಟ್ ಹಾಕಿದರೂ ಇಫ್ ಒಳಗೆ ಹಾಗೇ ಕೆಲಸ ಮಾಡುತ್ತದೆ.