ಒಕ್ಕೂಟ ಬಿಟ್ಟ ಮೇಲೂ ವಲಸೆ ಏಕೆ ಏರಿತು?

ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದದ್ದರ ಬಗ್ಗೆ, ಅದರಲ್ಲೂ ವಲಸೆಯ ಚರ್ಚೆಯ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ.

ಪ್ರಶ್ನೆ: ವಲಸೆ ತಡೆಯಬೇಕೆಂದೇ ಬ್ರಿಟನ್ನಿನ ಜನ ಒಕ್ಕೂಟ ಬಿಡಲು ಮತ ಹಾಕಿದರು ಎನ್ನುತ್ತಾರೆ. ಬಿಟ್ಟ ಮೇಲೆ ವಲಸೆ ಇನ್ನೂ ಹೆಚ್ಚಾಯಿತಲ್ಲ, ಹೇಗೆ?

ಬ್ರಿಟನ್ನಿಗೆ ಜನ ಬರುವುದು ಒಂದೇ ಬಾಗಿಲಿನಿಂದಲ್ಲ. ಒಕ್ಕೂಟದ ಪ್ರಜೆಗಳ ಮುಕ್ತ ಸಂಚಾರ (ವೀಸಾ ಇಲ್ಲದೆ ಬಂದು ದುಡಿಯುವ ಹಕ್ಕು), ಉಳಿದ ದೇಶಗಳವರ ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಆಶ್ರಯ ಕೋರಿಕೆ: ಇವು ನಾಲ್ಕು ಬೇರೆ ಬೇರೆ ಬಾಗಿಲುಗಳು. ಒಂದೊಂದಕ್ಕೂ ಒಂದೊಂದು ಕಾನೂನು. ಒಕ್ಕೂಟದಿಂದ ಹೊರಬಂದಾಗ ಮುಚ್ಚಿದ್ದು ಮೊದಲನೆಯದು ಮಾತ್ರ. ಉಳಿದ ಮೂರರ ಕೀಲಿ ಹಿಂದೆಯೂ ಬಹುಪಾಲು ಲಂಡನ್ನಿನ ಕೈಯಲ್ಲೇ ಇತ್ತು. 2016ರ ಜನಮತದ ಚರ್ಚೆಯಲ್ಲಿ ಎರಡೂ ಕಡೆಯವರು ಈ ನಾಲ್ಕನ್ನೂ ‘ವಲಸೆ’ ಎಂಬ ಒಂದೇ ಮಾತಿನಡಿ ತುಂಬಿದರು. ಗೊಂದಲವೆಲ್ಲ ಶುರುವಾದದ್ದು ಅಲ್ಲಿಂದ.

ಮತದಾನಕ್ಕೆ ನಾಲ್ಕು ವಾರ ಮೊದಲು, 2016ರ ಮೇ 26ರಂದು, 2015ರ ಅಂಕಿಗಳು ಹೊರಬಿದ್ದವು. ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದದ್ದು, 3,33,000. ಒಡೆದು ನೋಡಿದರೆ ಒಕ್ಕೂಟದವರು 1,84,000, ಹೊರಗಿನ ದೇಶಗಳವರು 1,88,000. ದೇಶ ಬಿಟ್ಟ ಬ್ರಿಟಿಷರಿಂದ 39,000 ಇಳಿಕೆ. ಅಂದರೆ ಹೊರಗಿನಿಂದ ಬಂದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಒಕ್ಕೂಟಕ್ಕೆ ಸಂಬಂಧವೇ ಇಲ್ಲದ ದೇಶಗಳಿಂದ ಬಂದಿತ್ತು. ನಿವ್ವಳ ವಲಸೆಯನ್ನು ವರ್ಷಕ್ಕೆ ಲಕ್ಷದೊಳಗೆ ಇಳಿಸುತ್ತೇವೆಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರನ್ 2010ರಲ್ಲೇ ಮಾತು ಕೊಟ್ಟಿದ್ದರು. ತಮ್ಮ ಕೈಯಲ್ಲಿದ್ದ ಪಾಲನ್ನೇ ಅವರ ಸರ್ಕಾರಕ್ಕೆ ಆ ಮಟ್ಟಕ್ಕೆ ತರಲಾಗಲಿಲ್ಲ.

ಇನ್ನು ಏರಿಕೆಯ ಕಾರಣ. 2021ರ ಜನವರಿ 1ರಿಂದ ಕೆಲಸದ ವೀಸಾಕ್ಕೆ 70 ಅಂಕ ಬೇಕೆಂಬ ಹೊಸ ಪದ್ಧತಿ ಬಂತು. ಪರವಾನಗಿ ಪಡೆದ ಸಂಸ್ಥೆಯಿಂದ ಕೆಲಸದ ಕರೆ ಇದ್ದರೆ 20, ಕೆಲಸದ ಮಟ್ಟಕ್ಕೆ 20, ಇಂಗ್ಲಿಷಿಗೆ 10, ಸಂಬಳಕ್ಕೆ 20. ಕೇಳಲು ಬಿಗಿಯಾಗಿ ಕಾಣುತ್ತದೆ. ಆದರೆ ಒಕ್ಕೂಟದ ಹೊರಗಿನವರಿಗೆ ಇದು ಹಳೆಯ ನಿಯಮಕ್ಕಿಂತ ಸಡಿಲ. ಪದವಿ ಮಟ್ಟದ ಕೆಲಸವೇ ಆಗಬೇಕೆಂಬ ಷರತ್ತು ಪಿಯುಸಿ ಮಟ್ಟಕ್ಕೆ ಇಳಿಯಿತು. ಸಂಬಳದ ಮಿತಿ 30,000 ಪೌಂಡಿನಿಂದ 25,600ಕ್ಕೆ ಬಂತು. ವರ್ಷಕ್ಕೆ 20,700 ವೀಸಾ ಎಂಬ ಮೇಲ್ಮಿತಿಯನ್ನು ಅಮಾನತಿನಲ್ಲಿಟ್ಟರು. ಮೊದಲು ಸ್ಥಳೀಯರಿಗಾಗಿ ಜಾಹೀರಾತು ಕೊಡಬೇಕೆಂಬ ನಿಯಮವೂ ಹೋಯಿತು. ಓದು ಮುಗಿಸಿದವರು ಎರಡು ವರ್ಷ ಉಳಿದು ದುಡಿಯಬಹುದಾದ ವೀಸಾ 2021ರ ಜುಲೈನಲ್ಲಿ ಶುರುವಾಯಿತು. 2022ರ ಫೆಬ್ರುವರಿಯಲ್ಲಿ ವೃದ್ಧರ ಆರೈಕೆ ಮಾಡುವವರಿಗೂ ಬಾಗಿಲು ತೆರೆಯಿತು. ಇವುಗಳ ಜೊತೆಗೆ ಹಾಂಗ್‌ಕಾಂಗ್ ಮತ್ತು ಉಕ್ರೇನಿನವರಿಗೆ ವಿಶೇಷ ವೀಸಾಗಳು ಸೇರಿದವು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷ ದಾಟಿತು. ಅದೇ ಹೊತ್ತಿಗೆ ಒಕ್ಕೂಟದವರಲ್ಲಿ ಬರುವವರಿಗಿಂತ ಹೋಗುವವರೇ ಹೆಚ್ಚಾಗಿದ್ದರು.

ಆಮೇಲೆ ಬಿಗಿ ಶುರುವಾಯಿತು. 2024ರ ಜನವರಿಯಿಂದ ಹೆಚ್ಚಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಕುಟುಂಬ ಕರೆತರುವಂತಿಲ್ಲ. ಸಂಬಳದ ಮಿತಿ ಅದೇ ಏಪ್ರಿಲ್‌ನಲ್ಲಿ 38,700 ಪೌಂಡ್, 2025ರ ಜುಲೈನಲ್ಲಿ 41,700. ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದೂ ಆಗಲೇ ನಿಂತಿತು. 2025ರ ಜೂನ್‌ಗೆ ಮುಗಿದ ವರ್ಷದ ನಿವ್ವಳ ವಲಸೆ ಸುಮಾರು 2 ಲಕ್ಷ. ಏರಿಸಿದ್ದೂ ಇಳಿಸಿದ್ದೂ ಬಹುಪಾಲು ಲಂಡನ್ನಿನ ನಿಯಮಗಳೇ ಎಂಬುದನ್ನು ಗಮನಿಸಿ.

ಪ್ರಶ್ನೆ: ಒಕ್ಕೂಟದ ಒಳಗಿದ್ದಾಗ ಯಾರು ಬೇಕಾದರೂ ಬಂದು ಎಷ್ಟು ದಿನ ಬೇಕಾದರೂ ಇರಬಹುದಿತ್ತೇ?

ಇಲ್ಲ. ಒಕ್ಕೂಟದ 2004ರ ನಿರ್ದೇಶನದ ಪ್ರಕಾರ ಮೊದಲ ಮೂರು ತಿಂಗಳಿಗೆ ಷರತ್ತಿಲ್ಲ. ಆಮೇಲೂ ಉಳಿಯಬೇಕಾದರೆ ದುಡಿಯುತ್ತಿರಬೇಕು, ಇಲ್ಲವೇ ನಿಜವಾಗಿ ಕೆಲಸ ಹುಡುಕುತ್ತಿರಬೇಕು, ಇಲ್ಲವೇ ಸ್ವಂತ ಹಣ ಮತ್ತು ಆರೋಗ್ಯ ವಿಮೆ ಇರಬೇಕು. ಸತತ ಐದು ವರ್ಷ ಹೀಗೆ ಕಳೆದರೆ ಕಾಯಂ ವಾಸದ ಹಕ್ಕು. ಸರ್ಕಾರಿ ನೆರವಿಗೆ ಭಾರವಾದ ಒಕ್ಕೂಟದ ಪ್ರಜೆಗಳ ವಾಸಪತ್ರವನ್ನು ಬೆಲ್ಜಿಯಂ ರದ್ದು ಮಾಡುತ್ತಿತ್ತು.

ಬ್ರಿಟನ್ನಿಗೆ ಅದು ಕಷ್ಟವಾಗಿತ್ತು. ಯಾರು ಎಲ್ಲಿ ನೆಲೆಸಿದ್ದಾರೆಂದು ಬರೆದಿಡುವ ನೋಂದಣಿ ಅಲ್ಲಿರಲಿಲ್ಲ. ಗುರುತಿನ ಚೀಟಿಯ ಯೋಜನೆಯನ್ನು 2010ರಲ್ಲಿ ಕೈಬಿಟ್ಟಿದ್ದರು. ಮೂರು ತಿಂಗಳು ಯಾವಾಗ ಮುಗಿಯಿತೆಂದು ತಿಳಿಯದೆ ಷರತ್ತು ಜಾರಿ ಮಾಡುವುದಾದರೂ ಹೇಗೆ?

2004ರ ಮೇ 1ರಂದು ಹತ್ತು ದೇಶಗಳು ಒಕ್ಕೂಟ ಸೇರಿದಾಗ ನಡೆದದ್ದು ಇನ್ನೂ ದೊಡ್ಡದು. ಪೋಲೆಂಡ್ ಸೇರಿ ಪೂರ್ವದ ಎಂಟು ದೇಶಗಳ ಕೆಲಸಗಾರರನ್ನು ಏಳು ವರ್ಷದವರೆಗೆ ತಡೆಯಲು ಹಳೆಯ ಸದಸ್ಯರಿಗೆ ಅವಕಾಶವಿತ್ತು. ಜರ್ಮನಿ, ಆಸ್ಟ್ರಿಯಾ 2011ರವರೆಗೂ ಅದನ್ನು ಬಳಸಿಕೊಂಡವು. ಮೊದಲ ದಿನವೇ ಬಾಗಿಲು ತೆಗೆದದ್ದು ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ. ವರ್ಷಕ್ಕೆ ನಿವ್ವಳ 5,000ದಿಂದ 13,000 ಜನ ಬರಬಹುದೆಂದು ಬ್ರಿಟನ್ ಸರ್ಕಾರಕ್ಕೆ ಕೊಟ್ಟಿದ್ದ ಅಂದಾಜು, ಜರ್ಮನಿಯಂಥ ದೇಶಗಳೂ ಬಾಗಿಲು ತೆರೆಯುತ್ತವೆಂಬ ಊಹೆಯ ಮೇಲೆ ನಿಂತಿತ್ತು. ಅವು ತೆರೆಯಲಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೋಲೆಂಡ್‌ನಲ್ಲಿ ಹುಟ್ಟಿದವರು 2001ರ ಜನಗಣತಿಯಲ್ಲಿ ಸುಮಾರು 58,000 ಇದ್ದರು, 2011ರಲ್ಲಿ 5,79,000. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬೋಸ್ಟನ್ ಸುತ್ತಲಿನ ತರಕಾರಿ ಹೊಲಗಳಿಗೆ, ಪ್ಯಾಕಿಂಗ್ ಶೆಡ್‌ಗಳಿಗೆ ಹತ್ತೇ ವರ್ಷದಲ್ಲಿ ಸಾವಿರಾರು ಜನ ಬಂದರು. ಆಸ್ಪತ್ರೆ, ಶಾಲೆ, ಬಾಡಿಗೆ ಮನೆ ಆ ವೇಗದಲ್ಲಿ ಬೆಳೆಯಲಿಲ್ಲ. ಜನಮತದಲ್ಲಿ ಬೋಸ್ಟನ್‌ನ 75.6 ಶೇಕಡಾ ಮತ ‘ಬಿಡೋಣ’ ಎಂದಿತು. ಎಷ್ಟೋ ಕಾಲದಿಂದ ವಲಸಿಗರು ತುಂಬಿರುವ ಲಂಡನ್ನಿನ ಲ್ಯಾಂಬೆತ್‌ನಲ್ಲಿ 78.6 ಶೇಕಡಾ ‘ಉಳಿಯೋಣ’ ಎಂದಿತು. ವಲಸಿಗರ ಸಂಖ್ಯೆಗಿಂತ ಬದಲಾವಣೆಯ ವೇಗ ಜನರನ್ನು ಹೆಚ್ಚು ಕಲಕಿತು ಎಂಬುದೇ ನಮ್ಮ ಅಭಿಪ್ರಾಯ. ಬೋಸ್ಟನ್ನಿನವರನ್ನು ಜನಾಂಗದ್ವೇಷಿಗಳು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ.

ಪ್ರಶ್ನೆ: ವಲಸೆಯ ಅಂಕಿ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಥರ. ಯಾವುದನ್ನು ನಂಬುವುದು?

ಮೊದಲು ಪದಗಳನ್ನು ಬಿಡಿಸಿಕೊಳ್ಳಿ. ಬಂದವರ ಒಟ್ಟು ಸಂಖ್ಯೆ ಒಂದು. ಅದರಿಂದ ಹೋದವರನ್ನು ಕಳೆದರೆ ಸಿಗುವ ನಿವ್ವಳ ಇನ್ನೊಂದು. ಎರಡರಲ್ಲೂ ಲೆಕ್ಕಕ್ಕೆ ಬರುವುದು ಹನ್ನೆರಡು ತಿಂಗಳು ಅಥವಾ ಹೆಚ್ಚು ಇರಲು ಬಂದವರು ಮಾತ್ರ. ಆರು ತಿಂಗಳು ಹಣ್ಣು ಕೀಳಲು ಬಂದು ಹೋಗುವವರು ಇದರಲ್ಲಿಲ್ಲ. 2015ರಲ್ಲಿ ಒಕ್ಕೂಟದಿಂದ ಬಂದವರು ಸುಮಾರು 2.7 ಲಕ್ಷ ಎಂದಿದ್ದರೆ, ಅದೇ ವರ್ಷ ಒಕ್ಕೂಟದ ಪ್ರಜೆಗಳಿಗೆ ಕೊಟ್ಟ, ಕೆಲಸಕ್ಕೆ ಬೇಕಾದ ರಾಷ್ಟ್ರೀಯ ವಿಮೆ ಸಂಖ್ಯೆಗಳು 6 ಲಕ್ಷ ಮೀರಿದ್ದವು. ಸರ್ಕಾರ ಬಚ್ಚಿಡುತ್ತಿದೆ ಎಂದು ‘ಬಿಡೋಣ’ ಬಣ ಕೂಗೆಬ್ಬಿಸಿತು. ಅಂತರದ ಮುಖ್ಯ ಕಾರಣ ಅಲ್ಪಾವಧಿಗೆ ಬಂದವರು ಎಂದು ಅಂಕಿಅಂಶ ಕಚೇರಿ ವಿವರಿಸಿತು.

ಆದರೆ ಅನುಮಾನ ಪೂರ್ತಿ ಸುಳ್ಳೂ ಆಗಿರಲಿಲ್ಲ. ಆಗಿನ ಅಂಕಿಗಳು ಹುಟ್ಟುತ್ತಿದ್ದದ್ದು ವಿಮಾನ ನಿಲ್ದಾಣ, ಬಂದರುಗಳಲ್ಲಿ ಪ್ರಯಾಣಿಕರನ್ನು ತಡೆದು ಕೇಳುವ ಸಮೀಕ್ಷೆಯಿಂದ. ಉತ್ತರ ಕೊಡಲೇಬೇಕೆಂದಿಲ್ಲ. ಎಷ್ಟು ಕಾಲ ಇರುತ್ತೀರಿ ಎಂದರೆ ಜನ ತಮ್ಮ ಉದ್ದೇಶ ಹೇಳುತ್ತಾರೆ, ಉದ್ದೇಶ ಆಮೇಲೆ ಬದಲಾಗುತ್ತದೆ. ಕೇಳಿದ ಲಕ್ಷಾಂತರ ಪ್ರಯಾಣಿಕರಲ್ಲಿ ನಿಜವಾದ ವಲಸಿಗರು ಕೆಲವೇ ಸಾವಿರ. ಅದರಿಂದಲೇ ಇಡೀ ದೇಶದ ಲೆಕ್ಕ. ಪೂರ್ವ ಯುರೋಪಿನಿಂದ ಅಗ್ಗದ ವಿಮಾನಗಳು ಸಣ್ಣ ನಿಲ್ದಾಣಗಳಿಗೆ ಇಳಿಯತೊಡಗಿದಾಗ ಸಮೀಕ್ಷೆಯವರು ಇನ್ನೂ ದೊಡ್ಡ ನಿಲ್ದಾಣಗಳ ಮೇಲೇ ಕಣ್ಣಿಟ್ಟಿದ್ದರು. 2001ರಿಂದ 2011ರವರೆಗಿನ ನಿವ್ವಳ ವಲಸೆ 3,46,000 ಕಡಿಮೆ ಎಣಿಕೆಯಾಗಿತ್ತೆಂದು ಜನಗಣತಿಯ ನಂತರ ಕಚೇರಿಯೇ ಒಪ್ಪಿತು. 2019ರಲ್ಲಿ ಈ ಅಂಕಿಗಳ ದರ್ಜೆಯನ್ನು ‘ಪ್ರಾಯೋಗಿಕ’ ಎಂದು ಇಳಿಸಲಾಯಿತು.

ಈಗ ವೀಸಾ, ತೆರಿಗೆ, ಗಡಿ ದಾಖಲೆಗಳಿಂದ ಲೆಕ್ಕ ಹಾಕುತ್ತಾರೆ. ಇದು ಮೇಲು, ಆದರೆ ಹೊಸ ದಾಖಲೆ ಬಂದಂತೆ ಹಳೆಯ ಅಂಕಿ ಬದಲಾಗುತ್ತದೆ. 2023ರ ಜೂನ್‌ಗೆ ಮುಗಿದ ವರ್ಷದ ನಿವ್ವಳ ವಲಸೆಯನ್ನೇ ನೋಡಿ: ಮೊದಲು 6,72,000, ಆಮೇಲೆ 7,40,000, ಒಂದು ವರ್ಷದ ನಂತರ 9,06,000. ಸುದ್ದಿಯಲ್ಲಿ ಅಂಕಿ ಕಂಡಾಗ ಮೂರು ವಿಷಯ ಹುಡುಕಿ: ನಿವ್ವಳವೋ ಒಟ್ಟೋ, ಯಾವ ತಿಂಗಳಿಗೆ ಮುಗಿದ ವರ್ಷ, ಮೊದಲ ಅಂದಾಜೋ ಪರಿಷ್ಕೃತವೋ. ಸಣ್ಣ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬಂದವರ ಎಣಿಕೆ ಬೇರೆಯೇ ಪಟ್ಟಿಯಲ್ಲಿರುತ್ತದೆ. ಅತಿ ಹೆಚ್ಚು ಜನ ಹಾಗೆ ಬಂದ 2022ರಲ್ಲೂ ಅವರು 46,000ದೊಳಗೇ ಇದ್ದರು. ಟಿವಿಯಲ್ಲಿ ಮಾತ್ರ ಹೆಚ್ಚು ಕಾಣುವುದು ಅವರೇ.

ಪ್ರಶ್ನೆ: ಬ್ರಿಟನ್ನಿನಲ್ಲಿದ್ದ ಭಾರತೀಯರಿಗೆ ಆ ಜನಮತದಲ್ಲಿ ಮತ ಇತ್ತೇ?

ಇತ್ತು. ಕಾನೂನುಬದ್ಧವಾಗಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೆಲ್ಲ ಮತ ಹಾಕಬಹುದಿತ್ತು. ಅಲ್ಲೇ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದ ಫ್ರೆಂಚರಿಗೆ, ಪೋಲಿಷರಿಗೆ ಇರಲಿಲ್ಲ. ಒಕ್ಕೂಟದ ದೇಶಗಳಲ್ಲಿ ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಪ್ರಜೆಗಳು ಮಾತ್ರ ಇದಕ್ಕೆ ಹೊರತು.

ಪ್ರಶ್ನೆ: ವಲಸಿಗರು ಬಂದು ಸ್ಥಳೀಯರ ಕೂಲಿ ಇಳಿಯಿತು ಎಂಬುದು ನಿಜವೇ?

ಬ್ರಿಟನ್ ಸರ್ಕಾರದ ವಲಸೆ ಸಲಹಾ ಸಮಿತಿ 2018ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ಇದಕ್ಕೆ ಒಳ್ಳೆಯ ಆಧಾರ. ಯುರೋಪಿನ ವಲಸಿಗರಿಂದ ಒಟ್ಟಾರೆ ಕೂಲಿಯ ಮೇಲೆ ಆದ ಪರಿಣಾಮ ಅತ್ಯಲ್ಪ. ಕಡಿಮೆ ಕೌಶಲದ ಕೆಲಸಗಾರರಿಗೆ ಸ್ವಲ್ಪ ನಷ್ಟ, ಹೆಚ್ಚು ಕೌಶಲದವರಿಗೆ ಸ್ವಲ್ಪ ಲಾಭ ಆಗಿರಬಹುದು. ಅವರು ಪಡೆದದ್ದಕ್ಕಿಂತ ಕಟ್ಟಿದ ತೆರಿಗೆಯೇ ಹೆಚ್ಚು ಎಂದು ಅದು ಹೇಳಿತು. ಬಂದವನು ಕೆಲಸ ಮಾಡುವುದಷ್ಟೇ ಅಲ್ಲ, ಮನೆ ಬಾಡಿಗೆ ಕೊಡುತ್ತಾನೆ, ದಿನಸಿ ಕೊಳ್ಳುತ್ತಾನೆ. ಅದರಿಂದ ಹೊಸ ಕೆಲಸಗಳೂ ಹುಟ್ಟುತ್ತವೆ. ಆದರೆ ಆ ತೆರಿಗೆ ಸೇರುವುದು ಕೇಂದ್ರದ ಖಜಾನೆಗೆ, ಒತ್ತಡ ಬೀಳುವುದು ಸ್ಥಳೀಯ ಆಸ್ಪತ್ರೆಯ ಮೇಲೆ. ಸರಾಸರಿಯ ಲಾಭ ತೋರಿಸಿ ಆ ಊರಿನವರ ಬಾಯಿ ಮುಚ್ಚಿಸಲಾಗದು.

ಪ್ರಶ್ನೆ: ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತದೆ ಎಂದು ‘ಬಿಡೋಣ’ ಬಣದವರು ಬಸ್ಸಿನ ಮೇಲೆ ಬರೆಸಿದ್ದರಲ್ಲ?

ಅದು ಒಕ್ಕೂಟ ಬ್ರಿಟನ್ನಿಗೆ ಕೊಡುತ್ತಿದ್ದ ರಿಯಾಯಿತಿ ಕಳೆಯುವ ಮುಂಚಿನ ಅಂಕಿ. ರಿಯಾಯಿತಿಯ ಹಣ ಬ್ರಿಟನ್ ಬಿಟ್ಟು ಹೋಗುತ್ತಲೇ ಇರಲಿಲ್ಲ. ಅದನ್ನು ಕಳೆದರೆ ವಾರಕ್ಕೆ ಸುಮಾರು 25 ಕೋಟಿ. ರೈತರಿಗೂ ಹಿಂದುಳಿದ ಪ್ರದೇಶಗಳಿಗೂ ಒಕ್ಕೂಟ ಮರಳಿ ಕೊಡುತ್ತಿದ್ದದ್ದನ್ನೂ ಕಳೆದರೆ ಸುಮಾರು 16 ಕೋಟಿ.

ಪ್ರಶ್ನೆ: ಬಿಡುವುದೆಂದು ತೀರ್ಮಾನವಾದ ಮೇಲೂ ಮೂರೂವರೆ ವರ್ಷ ಏಕೆ ಹಿಡಿಯಿತು?

ಬಿಡುವ ದಾರಿ ಲಿಸ್ಬನ್ ಒಪ್ಪಂದದ 50ನೇ ವಿಧಿಯಲ್ಲಿದೆ. ದೇಶ ಲಿಖಿತ ಸೂಚನೆ ಕೊಡಬೇಕು. ಕೊಟ್ಟ ದಿನದಿಂದ ಎರಡು ವರ್ಷದ ಗಡುವು. ಅಷ್ಟರಲ್ಲಿ ಒಪ್ಪಂದವಾಗದಿದ್ದರೆ ಒಪ್ಪಂದವಿಲ್ಲದೆಯೇ ಹೊರಗೆ. ಗಡುವು ವಿಸ್ತರಿಸಲು ಉಳಿದ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಕಾಲ ಸರಿದಂತೆ ಹೊರಡುವವರ ಕೈ ಸೋಲುವಂಥ ಏರ್ಪಾಡು ಇದು. ತೆರೇಸಾ ಮೇ ಸರ್ಕಾರ ಏನು ಬೇಕೆಂದು ತನ್ನೊಳಗೇ ತೀರ್ಮಾನಿಸದೆ 2017ರ ಮಾರ್ಚ್ 29ರಂದು ಸೂಚನೆ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ದೊಡ್ಡ ತಪ್ಪು ಅದೇ. ಜೂನ್‌ನಲ್ಲಿ ಚುನಾವಣೆ ಮಾಡಿ ಬಹುಮತವನ್ನೂ ಕಳೆದುಕೊಂಡಿತು.

ಎಲ್ಲರೂ ಎಡವಿದ ಕಲ್ಲು ಐರ್ಲೆಂಡ್‌ನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ, ದಕ್ಷಿಣದ ಗಣರಾಜ್ಯ ಒಕ್ಕೂಟದ ಸದಸ್ಯ, ನಡುವೆ ಸುಮಾರು 500 ಕಿಲೋಮೀಟರ್ ಗಡಿ. 1998ರ ಶಾಂತಿ ಒಪ್ಪಂದದ ನಂತರ ಅಲ್ಲಿನ ತನಿಖಾ ಠಾಣೆಗಳು ಮಾಯವಾಗಿದ್ದವು. ಸರಕಿನ ನಿಯಮಗಳು ಎರಡಾದರೆ ಎಲ್ಲೋ ಒಂದು ಕಡೆ ತಪಾಸಣೆ ಬೇಕೇ ಬೇಕು. ಮೇ ಅವರ ಒಪ್ಪಂದ 2019ರ ಜನವರಿ 15ರಂದು ಸಂಸತ್ತಿನಲ್ಲಿ 202ಕ್ಕೆ 432 ಮತಗಳಿಂದ ಬಿತ್ತು. ಇನ್ನೆರಡು ಸಲವೂ ಸೋತಿತು. ಅವರ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ತಪಾಸಣೆಯನ್ನು ಭೂಗಡಿಯಿಂದ ಐರಿಶ್ ಸಮುದ್ರಕ್ಕೆ ಸರಿಸಿದರು. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಬಂತು. ಮುಕ್ತ ಸಂಚಾರ ಆ ವರ್ಷದ ಕೊನೆಯವರೆಗೂ ನಡೆಯಿತು. ಜನರ ಓಡಾಟದ ತಂಟೆ ಈ ಗಡಿಯಲ್ಲಿ ಬರಲಿಲ್ಲ, ಏಕೆಂದರೆ ಬ್ರಿಟಿಷರೂ ಐರಿಶರೂ ಪರಸ್ಪರ ದೇಶದಲ್ಲಿ ವಾಸಿಸುವ ಹಕ್ಕು ಒಕ್ಕೂಟಕ್ಕಿಂತ ಹಳೆಯದು.

ಪ್ರಶ್ನೆ: ಮೊದಲೇ ಅಲ್ಲಿ ನೆಲೆಸಿದ್ದ ಒಕ್ಕೂಟದವರ ಗತಿ ಏನಾಯಿತು?

2020ರ ಕೊನೆಯೊಳಗೆ ಬಂದಿದ್ದವರು ಉಳಿಯುವ ಹಕ್ಕಿಗಾಗಿ 2021ರ ಜೂನ್ 30ರೊಳಗೆ ಅರ್ಜಿ ಹಾಕಬೇಕಿತ್ತು. ಶುಲ್ಕವಿರಲಿಲ್ಲ. ಐದು ವರ್ಷ ತುಂಬಿದ್ದರೆ ಕಾಯಂ ದರ್ಜೆ, ಇಲ್ಲದಿದ್ದರೆ ತಾತ್ಕಾಲಿಕ ದರ್ಜೆ. ಸುಮಾರು 35 ಲಕ್ಷ ಜನ ಇರಬಹುದೆಂದು ಅಂದಾಜಿತ್ತು. ದರ್ಜೆ ಪಡೆದವರು 50 ಲಕ್ಷ ಮೀರಿದರು. ಇವರಲ್ಲಿ ಆಮೇಲೆ ದೇಶ ಬಿಟ್ಟವರೂ ಇದ್ದಾರೆ, ಆದರೂ ಹಳೆಯ ಎಣಿಕೆ ಎಷ್ಟು ಸಡಿಲವಾಗಿತ್ತೆಂದು ಇದರಿಂದ ತಿಳಿಯುತ್ತದೆ.

ತೊಂದರೆ ಆದದ್ದು ಸಣ್ಣ ಸಂಗತಿಗಳಲ್ಲಿ. ಈ ದರ್ಜೆಗೆ ಕಾಗದವಿಲ್ಲ, ಎಲ್ಲ ಆನ್‌ಲೈನ್. ಕೆಲಸಕ್ಕೆ, ಬಾಡಿಗೆ ಮನೆಗೆ ಒಂಬತ್ತು ಅಕ್ಷರ-ಅಂಕಿಗಳ ಕೋಡ್ ತೆಗೆದು ತೋರಿಸಬೇಕು. ಅದು 90 ದಿನ ಚಾಲ್ತಿಯಲ್ಲಿರುತ್ತದೆ. ಹೊಸ ಪಾಸ್‌ಪೋರ್ಟನ್ನು ಖಾತೆಗೆ ಸೇರಿಸದಿದ್ದರೆ ವಿಮಾನ ಹತ್ತುವಾಗ ದರ್ಜೆ ಕಾಣಿಸುವುದಿಲ್ಲ. ಫೋನ್ ನಂಬರ್ ಬದಲಾದರೆ ಖಾತೆಯೊಳಗೆ ಹೋಗುವುದೇ ಕಷ್ಟ. ತಮ್ಮ ಅರ್ಜಿಯಲ್ಲೇ ಮಕ್ಕಳೂ ಸೇರಿದ್ದಾರೆಂದು ಭಾವಿಸಿದ ತಂದೆತಾಯಿಗಳೂ, ಹಿಂದಿನ ಕಾಯಂ ವಾಸದ ಕಾಗದವೇ ಸಾಕೆಂದುಕೊಂಡ ಹಿರಿಯರೂ ಗಡುವು ತಪ್ಪಿಸಿಕೊಂಡರು. ತಾತ್ಕಾಲಿಕ ದರ್ಜೆಯವರು ಕಾಯಂ ದರ್ಜೆಗೆ ಎರಡನೇ ಅರ್ಜಿ ಹಾಕಲು ಮರೆತರೆ ಹಕ್ಕು ಕಳೆದುಕೊಳ್ಳುತ್ತಾರೆ ಎಂಬ ನಿಯಮ ಹೊರಬರುವ ಒಪ್ಪಂದಕ್ಕೆ ವಿರುದ್ಧವೆಂದು 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಈಗ ಅವಧಿ ತಾನಾಗಿ ವಿಸ್ತರಣೆಯಾಗುತ್ತದೆ.

ಪ್ರಶ್ನೆ: ಒಕ್ಕೂಟದ ಮಾರುಕಟ್ಟೆ ಉಳಿಸಿಕೊಂಡು ವಲಸೆ ಮಾತ್ರ ನಿಲ್ಲಿಸಲು ಆಗುತ್ತಿರಲಿಲ್ಲವೇ?

ಇಲ್ಲ, ದೊಡ್ಡ ದೇಶಕ್ಕೆ ಹಾಗೆ ಬಿಟ್ಟ ಉದಾಹರಣೆಯೇ ಇಲ್ಲ. ನಾರ್ವೆ ಒಕ್ಕೂಟದ ಹೊರಗಿದೆ, ಮಾರುಕಟ್ಟೆಯ ಒಳಗಿದೆ. ಅದಕ್ಕಾಗಿ ಹಣ ಕೊಡುತ್ತದೆ, ಮುಕ್ತ ಸಂಚಾರವನ್ನೂ ಒಪ್ಪಿದೆ. ಸ್ವಿಟ್ಜರ್ಲೆಂಡ್ 2014ರ ಫೆಬ್ರುವರಿ 9ರಂದು 50.3 ಶೇಕಡಾ ಮತದಿಂದ ವಲಸೆಗೆ ಮಿತಿ ಹಾಕಲು ತೀರ್ಮಾನಿಸಿತು. ಮುಕ್ತ ಸಂಚಾರದ ಒಪ್ಪಂದ ಮುರಿದರೆ ಅದಕ್ಕೆ ಬೆಸೆದಿರುವ ಇತರ ಒಪ್ಪಂದಗಳೂ ಮುರಿಯುತ್ತವೆಂದು ಒಕ್ಕೂಟ ಕದಲದೆ ನಿಂತಿತು. ಕೊನೆಗೆ ಸ್ವಿಸ್ ಸಂಸತ್ತು ನಿರುದ್ಯೋಗ ಹೆಚ್ಚಿರುವ ಕಸುಬುಗಳಲ್ಲಿ ಮೊದಲು ಅಲ್ಲಿಯೇ ನೋಂದಾಯಿತರಾದ ನಿರುದ್ಯೋಗಿಗಳನ್ನು ನೋಡಬೇಕೆಂಬ ಮೃದು ನಿಯಮ ಮಾಡಿತು. 2020ರಲ್ಲಿ ಮುಕ್ತ ಸಂಚಾರವನ್ನೇ ಕೊನೆಗೊಳಿಸುವ ಪ್ರಸ್ತಾವ ಬಂದಾಗ 61.7 ಶೇಕಡಾ ಜನ ತಿರಸ್ಕರಿಸಿದರು. ವಾಸದ ಪರವಾನಗಿಗಳಿಗೆ ಮಿತಿ ಹಾಕಿ, ಕೆಲವನ್ನು ಲಾಟರಿ ಎತ್ತಿ ಹಂಚುವ ವಿನಾಯಿತಿ ಲಿಕ್ಟನ್‌ಸ್ಟೈನಿಗೆ ಇದೆ. ಅದರ ಜನಸಂಖ್ಯೆ ಸುಮಾರು 40,000.

ಪ್ರಶ್ನೆ: ಮನಸ್ಸು ಬದಲಾಯಿಸಿ ಬ್ರಿಟನ್ ಮತ್ತೆ ಸೇರಬಹುದೇ?

ಬಿಡುವ ಸೂಚನೆಯನ್ನು ಒಕ್ಕೂಟದ ಅಪ್ಪಣೆ ಕೇಳದೆ ಹಿಂತೆಗೆದುಕೊಳ್ಳಬಹುದೆಂದು ಒಕ್ಕೂಟದ ನ್ಯಾಯಾಲಯ 2018ರ ಡಿಸೆಂಬರ್‌ನಲ್ಲಿ ಹೇಳಿತ್ತು. ಹೊರಬಂದ ಮೇಲೆ ಆ ದಾರಿ ಮುಚ್ಚಿದೆ. ಈಗ 49ನೇ ವಿಧಿಯಡಿ ಯಾವುದೇ ಹೊಸ ದೇಶದಂತೆ ಅರ್ಜಿ ಹಾಕಬೇಕು, ಎಲ್ಲ ಸದಸ್ಯರೂ ಒಪ್ಪಬೇಕು. ಹಿಂದೆ ಬ್ರಿಟನ್ನಿಗಿದ್ದ ಹಣದ ರಿಯಾಯಿತಿ, ಯೂರೋ ಬೇಡವೆನ್ನುವ ವಿನಾಯಿತಿ, ಒಳಗಡಿಗಳಲ್ಲಿ ತಪಾಸಣೆಯಿಲ್ಲದ ಷೆಂಗೆನ್ ವಲಯದ ಹೊರಗಿರುವ ವಿನಾಯಿತಿ ಯಾವುದೂ ತಾನಾಗಿ ಮರಳಿ ಬರುವುದಿಲ್ಲ. ಮುಕ್ತ ಸಂಚಾರ ಮಾತ್ರ ಸೇರಿದ ಒಪ್ಪಂದದ ಜೊತೆಯಲ್ಲೇ ಬರುತ್ತದೆ.